ಕೋಣೆ, ಅರೀನಾ, ತಿರುಗುವ ಕುರ್ಚಿ: ಆಡಿಷನ್ ನೋಡೋದಾದರೆ ಯಾವುದು?

ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ನನಗೆ ಇಷ್ಟವಾಗುವುದು ಮೊದಲ ಕೆಲವು ವಾರ ಮಾತ್ರ. ಫಿನಾಲೆ ಹೊತ್ತಿಗೆ ಎಲ್ಲರೂ ತಿದ್ದಿ ತೀಡಿದವರೇ. ಬೆಳಕು, ಹೊಗೆ, ಹಿಂದೆ ಕುಣಿಯುವವರು, ಇದರ ಮಧ್ಯೆ ಹಾಡು ಎಲ್ಲೋ ಇರುತ್ತದೆ. ಆಡಿಷನ್‌ನಲ್ಲಿ ಹಾಗಲ್ಲ, ಬಂದವರ ಗಂಟಲು ಹೇಗಿದೆಯೋ ಹಾಗೇ ಕೇಳಿಸುತ್ತದೆ. ಕೇಳಿಸಬೇಕು ಅಲ್ವಾ? ಈಚೆಗೆ ಮೂರು ಬಗೆಯ ಆಡಿಷನ್‌ಗಳ ಹಳೆಯ, ಹೊಸ ಸಂಚಿಕೆಗಳನ್ನು ಒಂದರ ಹಿಂದೊಂದು ಹಾಕಿಕೊಂಡು ನೋಡಿದೆ. ಹಾಡು ಕೇಳುವ ಆಸೆಗೆ ಕೂತವರಿಗೆ ಯಾವುದು ಒಳ್ಳೆಯದು ಎನ್ನುವುದಷ್ಟೇ ನನ್ನ ಲೆಕ್ಕ.

ಮೊದಲನೆಯದು ಐಡಲ್ ಬಗೆಯದು. ಬ್ರಿಟನ್ನಿನಲ್ಲಿ 2001ರಲ್ಲಿ ಪಾಪ್ ಐಡಲ್ ಶುರುವಾಯಿತು, 2002ರಲ್ಲಿ ಅಮೆರಿಕನ್ ಐಡಲ್, 2004ರಲ್ಲಿ ಇಂಡಿಯನ್ ಐಡಲ್ ಬಂದವು. ಒಂದು ಕೋಣೆ, ಒಂದು ಮೇಜು, ಅದರ ಹಿಂದೆ ತೀರ್ಪುಗಾರರು. ಹಳೆಯ ಸೀಸನ್‌ಗಳಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಬಂದವರು ನಿಂತಲ್ಲೇ ಬರೀ ದನಿಯಲ್ಲಿ ಹಾಡಬೇಕು.

ಈ ಬರೀ ದನಿಯ ಕಷ್ಟ ಎಂಥದ್ದು ಅಂತ ಸ್ವಲ್ಪ ಗಮನ ಕೊಟ್ಟು ಕೇಳಿದರೆ ಗೊತ್ತಾಗುತ್ತದೆ. ಶ್ರುತಿ ಕೊಡುವವರು ಯಾರೂ ಇಲ್ಲ. ಗಾಬರಿಯಲ್ಲಿ ಬಂದ ಹುಡುಗಿ ತನಗೆ ಒಗ್ಗುವುದಕ್ಕಿಂತ ಸ್ವಲ್ಪ ಮೇಲಿನ ಶ್ರುತಿಯಲ್ಲಿ ಹಾಡು ಎತ್ತಿಕೊಳ್ಳುತ್ತಾಳೆ. ಮೊದಲ ಸಾಲು ಚೆನ್ನಾಗೇ ಹೋಗುತ್ತದೆ. ಹಾಡು ಮೇಲೆ ಏರುವ ಜಾಗ ಹತ್ತಿರ ಬಂದಂತೆ ಭುಜ ಮೇಲೇಳುತ್ತದೆ, ಗದ್ದ ಮುಂದಕ್ಕೆ ಬರುತ್ತದೆ. ಆಮೇಲೆ ಎರಡೇ ದಾರಿ. ಕಳ್ಳದನಿಗೆ, ಅಂದರೆ ತೆಳುವಾದ ಹುಸಿದನಿಗೆ ಇಳಿಯಬೇಕು, ಇಲ್ಲವೇ ಯಾರಿಗೂ ಗೊತ್ತಾಗದ ಹಾಗೆ ಶ್ರುತಿಯನ್ನೇ ಕೆಳಗೆ ಜಾರಿಸಬೇಕು. ಗೊತ್ತಾಗೇ ಆಗುತ್ತದೆ. ಪಳಗಿದವರು ಹಾಗೆ ಮಾಡುವುದಿಲ್ಲ. ಬಾಯಿ ತೆರೆಯುವ ಮುಂಚೆ ಒಂದು ಗಳಿಗೆ ಒಳಗೊಳಗೇ ಗುನುಗಿ, ಏರುವ ಜಾಗವನ್ನು ಮನಸ್ಸಿನಲ್ಲೇ ಮುಟ್ಟಿ ನೋಡಿ, ಅದಕ್ಕೆ ತಕ್ಕ ಶ್ರುತಿ ಹಿಡಿಯುತ್ತಾರೆ. ಆ ಗುನುಗು ಕಂಡರೆ ನಾನು ಅರ್ಧ ತೀರ್ಪು ಕೊಟ್ಟುಬಿಡುತ್ತೇನೆ. ಈಚಿನ ಸೀಸನ್‌ಗಳಲ್ಲಿ ಗಿಟಾರ್, ಪಿಯಾನೋ ಬಂದಿವೆ. ಹಾಡುವವರಿಗೆ ಅನುಕೂಲ ಆಯಿತು, ನನ್ನಂಥವರಿಗೆ ಒಂದು ಮಜಾ ಹೋಯಿತು.

ಇದರ ಕೆಟ್ಟ ಗುಣ ಎಲ್ಲರಿಗೂ ಗೊತ್ತಿರುವುದೇ. ಚೆನ್ನಾಗಿ ಹಾಡದವರನ್ನು ಕರೆದು ನಗುವುದು. ಸಾವಿರಾರು ಜನರನ್ನು ಮೊದಲು ಜರಡಿ ಹಿಡಿಯುವುದು ಕಾರ್ಯಕ್ರಮದ ತಂಡದವರು. ಟಿವಿಯಲ್ಲಿ ಕಾಣುವ ತೀರ್ಪುಗಾರರ ಮುಂದೆ ಬರುವವರು ಕೆಲವರೇ. ಅಂದಮೇಲೆ ಅಪಸ್ವರದವರೂ ಆ ಜರಡಿ ದಾಟಿ ಬಂದವರೇ, ಬೇಕೂಂತಲೇ ಒಳಗೆ ಬಿಟ್ಟಿರುತ್ತಾರೆ. ಇದು ಗೊತ್ತಾದ ಮೇಲೆ ನನಗೆ ಆ ಭಾಗ ನೋಡಲು ಆಗುತ್ತಿಲ್ಲ, ಓಡಿಸಿಬಿಡುತ್ತೇನೆ. 2004ರ ಅಮೆರಿಕನ್ ಐಡಲ್‌ನಲ್ಲಿ ವಿಲಿಯಂ ಹಂಗ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಹೀಗೇ ಕಳಿಸಿದ್ದರು. ಕೈಲಾದದ್ದು ಮಾಡಿದ್ದೇನೆ, ಬೇಸರವಿಲ್ಲ ಎಂದು ಆತ ನಗುತ್ತಲೇ ಹೊರಟ. ಆ ಕೋಣೆಯಲ್ಲಿ ಮರ್ಯಾದೆಯಿಂದ ನಡೆದುಕೊಂಡಿದ್ದು ಅವನೊಬ್ಬನೇ ಅನ್ನಿಸುತ್ತದೆ.

ಅರೀನಾ ಆಡಿಷನ್ ಬಗ್ಗೆ ಹೇಳುವುದು ಕಡಿಮೆ. ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ 2004ರಲ್ಲಿ ಕೋಣೆಯಲ್ಲೇ ಶುರುವಾಗಿ, 2009ರಲ್ಲಿ ಸಾವಿರಾರು ಪ್ರೇಕ್ಷಕರ ಮುಂದಿನ ವೇದಿಕೆಗೆ ಬಂತು. ಹುಮ್ಮಸ್ಸಿಗೆ ಕೊರತೆಯಿಲ್ಲ. ಆದರೆ ಗಾಯಕ ಒಂದು ಸ್ವರವನ್ನು ಸ್ವಲ್ಪ ಹೊತ್ತು ಹಿಡಿದರೆ ಸಾಕು, ಜನ ಕೂಗುತ್ತಾರೆ. ಆ ಸ್ವರ ಎಲ್ಲಿ ನಿಂತಿತು ಅಂತ ಕೇಳೋದೇ ಇಲ್ಲ. ತೀರ್ಪುಗಾರರೂ ಜನರ ಮುಖ ನೋಡಿಕೊಂಡು ತೀರ್ಪು ಹೇಳುತ್ತಾರೇನೋ ಅಂತ ಅನುಮಾನ. 2010ರಲ್ಲಿ ಇದೇ ಕಾರ್ಯಕ್ರಮದ ಆಡಿಷನ್ ಸಂಚಿಕೆಯಲ್ಲಿ ಆಟೋಟ್ಯೂನ್ ಹಾಕಿ ದನಿ ತಿದ್ದಿದ್ದನ್ನು ಮನೆಯಲ್ಲಿ ಕೂತ ವೀಕ್ಷಕರೇ ಹಿಡಿದರು, ದೊಡ್ಡ ಗಲಾಟೆ ಆಯಿತು. ಆಮೇಲೆ ಅದನ್ನು ಬಳಸುವುದು ನಿಲ್ಲಿಸಿದರು. ಆಡಿಷನ್ನೇ ತಿದ್ದಿದರೆ ನೋಡುವುದಕ್ಕೆ ಉಳಿಯುವುದಾದರೂ ಏನು?

ಇನ್ನು ಕುರ್ಚಿ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ದಿ ವಾಯ್ಸ್, ಮರುವರ್ಷ ಅಮೆರಿಕಕ್ಕೆ, 2015ರಲ್ಲಿ ಇಂಡಿಯಾಕ್ಕೆ ಬಂತು. ಇಲ್ಲಿ ತೀರ್ಪುಗಾರರಿಗೆ ಕೋಚ್ ಅನ್ನುತ್ತಾರೆ. ಕೋಚ್‌ಗಳು ಬೆನ್ನು ಹಾಕಿ ಕೂತಿರುತ್ತಾರೆ, ದನಿ ಇಷ್ಟವಾದರೆ ಬಟನ್ ಒತ್ತಿ ತಿರುಗುತ್ತಾರೆ. ಕೇಳಲು ಎಷ್ಟು ನ್ಯಾಯವಾಗಿದೆ ನೋಡಿ. ಒಬ್ಬರಿಗಿಂತ ಹೆಚ್ಚು ಜನ ತಿರುಗಿದರೆ ಯಾರ ತಂಡ ಸೇರುವುದು ಎಂಬ ಆಯ್ಕೆ ಹಾಡಿದವರದ್ದು. ಕೋಚ್‌ಗಳೇ ಬನ್ನಿ ಬನ್ನಿ ಅಂತ ಅಂಗಲಾಚಬೇಕು. ಐಡಲ್ ಕೋಣೆಯ ಗತ್ತು ಇಲ್ಲಿ ತಿರುಗುಮುರುಗು. ಯಾರನ್ನೂ ಗೇಲಿ ಮಾಡುವುದೂ ಇಲ್ಲ. ಮನೆಮಂದಿಯೆಲ್ಲ ಕೂತು ನೋಡಲು ಮೂರರಲ್ಲಿ ಇದೇ ಸರಿ.

ಆದರೆ ಹಾಡು ಕೇಳಲು? ಇಲ್ಲ. ಕಣ್ಣು ಕಟ್ಟಿರುವುದು ಕೋಚ್‌ಗಳಿಗೆ, ನಮಗಲ್ಲ. ಕ್ಯಾಮೆರಾ ಹಾಡುವವರ ಮೇಲೆ ಎರಡು ಕ್ಷಣ ನಿಂತರೆ ಹೆಚ್ಚು. ಅಷ್ಟರಲ್ಲಿ ಬಟನ್ ಮೇಲೆ ತೂಗುತ್ತಿರುವ ಕೈ, ಹುಬ್ಬು ಹಾರಿಸುವ ಇನ್ನೊಬ್ಬ ಕೋಚ್, ಪಕ್ಕದಲ್ಲಿ ಕೈ ಮುಗಿದು ನಿಂತ ಅಮ್ಮ. ಪೂರ್ತಿ ಬ್ಯಾಂಡ್ ಬೇರೆ, ಸಣ್ಣಪುಟ್ಟ ತಪ್ಪೆಲ್ಲ ಅದರಲ್ಲಿ ಮುಚ್ಚಿಹೋಗುತ್ತದೆ. ಹಾಡು ಮುಗಿದ ಮೇಲೆ ಎಷ್ಟು ಕುರ್ಚಿ ತಿರುಗಿದವು ಅಂತ ನೆನಪಿರುತ್ತದೆ, ಹಾಡಿದ್ದು ಹೇಗಿತ್ತು ಅಂದರೆ ತಡವರಿಸುತ್ತೇನೆ. ಇನ್ನೊಂದು ವಿಷಯ. ಒಬ್ಬೊಬ್ಬ ಕೋಚ್‌ನ ತಂಡದಲ್ಲೂ ಜಾಗ ಇಷ್ಟೇ ಅಂತ ಇರುತ್ತದೆ. ಆಡಿಷನ್‌ನ ಕೊನೆಯ ಸಂಚಿಕೆಗಳ ಹೊತ್ತಿಗೆ ಒಂದೋ ಎರಡೋ ಉಳಿದಿರುತ್ತವೆ. ಮೊದಲ ವಾರ ಬಂದಿದ್ದರೆ ಇಬ್ಬರು ತಿರುಗುತ್ತಿದ್ದ ದನಿಗೆ ಆಗ ಒಬ್ಬರೂ ತಿರುಗುವುದಿಲ್ಲ. 2002ರಲ್ಲಿ ಐಡಲ್ ಗೆದ್ದ ಕೆಲ್ಲಿ ಕ್ಲಾರ್ಕ್‌ಸನ್ 2018ರಲ್ಲಿ ಅಮೆರಿಕದ ವಾಯ್ಸ್‌ಗೆ ಕೋಚ್ ಆಗಿ ಬಂದರು. ಅದೇ ಸೀಸನ್‌ನಲ್ಲಿ ಹಾಡಿದವರು ಇನ್ನೊಬ್ಬ ಕೋಚ್‌ಗೆ ಸಿಗದಂತೆ ತಡೆಯುವ ಬ್ಲಾಕ್ ಬಟನ್ ಕೂಡ ಬಂತು. ಅಲ್ಲಿಂದ ಕೋಚ್‌ಗಳ ಜಗಳವೇ ಕಾರ್ಯಕ್ರಮ.

ಹಾಗಾಗಿ ನನ್ನ ಮೊದಲ ಆಯ್ಕೆ ಹಳೆಯ ಐಡಲ್ ಕೋಣೆ, ಗೇಲಿಯ ಭಾಗ ಓಡಿಸಿಕೊಂಡು. ಆಮೇಲೆ ವಾಯ್ಸ್. ಆದರೆ ಅದನ್ನು ಪರದೆಗೆ ಬೆನ್ನು ಹಾಕಿ ಕೇಳುತ್ತೇನೆ. ನೋಡಿದವರಿಗೆ ಹುಚ್ಚು ಅನ್ನಿಸಬಹುದು, ಆದರೆ ಎಲ್ಲಿ ತಿರುಗಬೇಕು ಅಂತ ನಮಗೇ ಗೊತ್ತಾಗುತ್ತದೆ. ಬಹಳ ಸಲ ಕೋಚ್‌ಗಳಿಗೂ ನನಗೂ ತಾಳೆಯಾಗುವುದಿಲ್ಲ. ಅರೀನಾ ಕೊನೆಗೆ.

ಯೂಟ್ಯೂಬ್ ತುಣುಕು ಸಾಕು ಅನ್ನುವವರೂ ಇದ್ದಾರೆ. ಕೋಣೆಯ ಆಡಿಷನ್‌ಗೆ ಪರವಾಗಿಲ್ಲ, ಕುರ್ಚಿಗೆ ಮಾತ್ರ ಬೇಡ. ನಾಲ್ಕೂ ಕುರ್ಚಿ ತಿರುಗಿದವು ಅಂತ ಶೀರ್ಷಿಕೆಯಲ್ಲೇ ಬರೆದಿರುತ್ತಾರೆ.