ವೈರ್‌ಶಾರ್ಕ್, ಟಿಸಿಪಿಡಂಪ್, ಡಂಪ್‌ಕ್ಯಾಪ್: ಹಾಸ್ಟೆಲ್ ನೆಟ್‌ವರ್ಕಿಗೆ ಮೂರನ್ನೂ ಹಚ್ಚಿ ನೋಡಿದೆ

ಶೀರ್ಷಿಕೆಯಲ್ಲಿರುವ ಮೂರೂ ನೆಟ್‌ವರ್ಕಿನಲ್ಲಿ ಹರಿಯುವ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡುಗಳನ್ನು, ಹಿಡಿಯುವ ಪ್ರೋಗ್ರಾಮುಗಳು. ಧಾರವಾಡದ ಒಂದು ಹಾಸ್ಟೆಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ, ಮನೆ ಇರುವುದು ಹುಬ್ಬಳ್ಳಿಯಲ್ಲಿ. ಹೋದ ತಿಂಗಳು ಸಂಜೆ ಆದರೆ ಸಾಕು, ಅಲ್ಲಿಂದ ಒಂದೇ ಫೋನು: "ಸರ, ಮತ್ತ ನೆಟ್ ಹೋತ್ರಿ." ನಾನು ಚಿಗರಿ ಬಸ್ ಹತ್ತಿ ಅಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಸರಿ ಇರುತ್ತಿತ್ತು. ಕೊನೆಗೆ ಒಬ್ಬ ಹುಡುಗನ ಲ್ಯಾಪ್‌ಟಾಪಿನಲ್ಲಿ ಐಪಿ ವಿಳಾಸ ನೋಡಿದರೆ 192.168.0.104. ನಾವು ಕೊಡುವ ವಿಳಾಸಗಳೆಲ್ಲ 10ರಿಂದ ಶುರು. ಅಂದರೆ ಯಾರೋ ರೂಮಿನಲ್ಲಿ ಮನೆ ರೂಟರ್ ಹಚ್ಚಿದ್ದಾರೆ, ಅದು ವಿಳಾಸ ಹಂಚುವ ನಮ್ಮ ಡಿಎಚ್‌ಸಿಪಿ ಸರ್ವರ್‌ಗಿಂತ ಮುಂಚೆ ಉತ್ತರ ಕೊಟ್ಟು ವಿಳಾಸ ಹಂಚುತ್ತಿದೆ. ನೂರಾರು ಹುಡುಗರು ವಿಡಿಯೋ ನೋಡುವ ಹೊತ್ತಿನಲ್ಲಿ ವಿಳಾಸ ಕೇಳಿ ಪಡೆಯುವ ಆ ನಾಲ್ಕು ಪ್ಯಾಕೆಟ್ ಹಿಡಿಯಬೇಕಿತ್ತು. ಮುಖ್ಯ ಸ್ವಿಚ್ಚಿನಲ್ಲಿ ಮಿರರ್ ಪೋರ್ಟ್ (ಬೇರೆ ಪೋರ್ಟುಗಳ ಟ್ರಾಫಿಕ್ಕಿನ ನಕಲು ಬರುವ ಪೋರ್ಟ್) ಮಾಡಿ, 8 ಜಿಬಿ ರ‍್ಯಾಮ್ ಇರುವ ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಜೋಡಿಸಿದೆ.

ಮೊದಲು ವೈರ್‌ಶಾರ್ಕ್. ಎಲ್ಲರೂ ಮೊದಲು ಅದನ್ನೇ ತೆಗೆಯುವುದು, ಅಲ್ವಾ? ಕ್ಯಾಪ್ಚರ್ ಶುರು ಮಾಡಿ ಮೇಲಿನ ಪಟ್ಟಿಯಲ್ಲಿ ಡಿಎಚ್‌ಸಿಪಿ ಅಂತ ಬರೆದೆ. ಸ್ವಲ್ಪ ಹೊತ್ತು ಚೆಂದ ಓಡಿತು. ಅರ್ಧ ಗಂಟೆಯೊಳಗೆ ರ‍್ಯಾಮ್ ತುಂಬಿ, ಮೌಸ್ ಕೂಡ ಅಲುಗಾಡಲಿಲ್ಲ. ಮೇಲಿನ ಪಟ್ಟಿಯಲ್ಲಿ ಬರೆಯುವುದು ಡಿಸ್‌ಪ್ಲೇ ಫಿಲ್ಟರ್. ಅದು ಬೇಡದ್ದನ್ನು ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೇ, ಹಿಡಿಯುವುದನ್ನು ಬಿಡುವುದಿಲ್ಲ. ಇಡೀ ಚೀಲದ ಜೋಳ ಮನೆಯೊಳಗೆ ಸುರುವಿ ಆಮೇಲೆ ಸಾಣಿಗೆ ಹಿಡಿದಂತೆ. ಬಾಗಿಲಲ್ಲೇ ಸಾಣಿಗೆ ಹಿಡಿಯುವುದು ಕ್ಯಾಪ್ಚರ್ ಫಿಲ್ಟರ್. ಅದರ ಜಾಗ ಬೇರೆ, ಭಾಷೆಯೂ ಬೇರೆ. ಡಿಎಚ್‌ಸಿಪಿ ಸರ್ವರಿನ ಪೋರ್ಟ್ 67, ಅದನ್ನು ಹಿಡಿಯಲು ಅಲ್ಲಿ 'ಯುಡಿಪಿ ಪೋರ್ಟ್ 67' ಅನ್ನಬೇಕು, ಡಿಸ್‌ಪ್ಲೇ ಫಿಲ್ಟರಿನಲ್ಲಿ 'ಯುಡಿಪಿ.ಪೋರ್ಟ್ == 67'. ಕೆಲಸ ಕಲಿಯಲು ಬರುವ ಹುಡುಗರು ಎಡವುವುದು ಇಲ್ಲೇ.

ಕ್ಯಾಪ್ಚರ್ ಫಿಲ್ಟರಿನ ಬೇರು ಬಿಪಿಎಫ್ (ಬರ್ಕ್ಲಿ ಪ್ಯಾಕೆಟ್ ಫಿಲ್ಟರ್). ಲಾರೆನ್ಸ್ ಬರ್ಕ್ಲಿ ಲ್ಯಾಬಿನಲ್ಲಿದ್ದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ 1992ರಲ್ಲಿ ಅದರ ಬಗ್ಗೆ ಬರೆದರು. ಫಿಲ್ಟರ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗೇ ಓಡುತ್ತದೆ, ಬೇಡದ ಪ್ಯಾಕೆಟ್ ನಮ್ಮ ಪ್ರೋಗ್ರಾಮಿನವರೆಗೂ ಬರುವುದೇ ಇಲ್ಲ. ಟ್ರಾಫಿಕ್ ಜಾಸ್ತಿ ಇರುವ ಕಡೆ ಇದೊಂದೇ ದಾರಿ, ಯಾಕೆಂದರೆ 1 ಗಿಗಾಬಿಟ್ ಲಿಂಕ್ ಪೂರ್ತಿ ತುಂಬಿ ಹರಿದರೆ ಒಂದು ದಿಕ್ಕಿನಲ್ಲೇ ಸೆಕೆಂಡಿಗೆ 125 ಎಂಬಿ, ಗಂಟೆಗೆ 450 ಜಿಬಿ. ಯಾವ ಡಿಸ್ಕ್ ತಡೆದೀತು?

ಎರಡನೇ ದಿನ ಟಿಸಿಪಿಡಂಪ್. ಹುಬ್ಬಳ್ಳಿಯ ಮನೆಯಲ್ಲಿ ಕೂತು ಎಸ್‌ಎಸ್‌ಎಚ್ ಮೂಲಕವೇ ನಡೆಸಿದೆ, ಬಸ್ಸಿನ ಓಡಾಟ ತಪ್ಪಿತು. ಇದು ನನಗೆ ಬಹಳ ಹಿಡಿಸಿತು, ಆದರೆ ನಾನೇ ಎರಡು ತಪ್ಪು ಮಾಡಿದೆ. ಜಾಗ ಉಳಿಯಲಿ ಅಂತ ಪ್ರತಿ ಪ್ಯಾಕೆಟ್ಟಿನ ಮೊದಲ 128 ಬೈಟ್ ಮಾತ್ರ ಇಟ್ಟುಕೊಂಡೆ. ವೆಬ್ ಟ್ರಾಫಿಕ್ಕಿನ ಹೆಡರ್ ನೋಡಲು ಅಷ್ಟು ಸಾಕು. ಡಿಎಚ್‌ಸಿಪಿಗೆ ಸಾಲುವುದಿಲ್ಲ! ಈಥರ್ನೆಟ್, ಐಪಿ, ಯುಡಿಪಿ ಹೆಡರ್ ಸೇರಿ 42 ಬೈಟ್, ಆಮೇಲೆ 236 ಬೈಟಿನ ಸ್ಥಿರ ಭಾಗ, 4 ಬೈಟಿನ ಗುರುತು, ಅದೆಲ್ಲ ದಾಟಿದ ಮೇಲೆ ಆಪ್ಷನ್‌ಗಳು ಶುರು. ಇದು ಆಫರ್ (ಸರ್ವರ್ ವಿಳಾಸ ಕೊಡಲು ಮುಂದಾಗುವ ಪ್ಯಾಕೆಟ್) ಹೌದೋ ಅಲ್ಲವೋ ಅಂತ ಹೇಳುವ 53ನೇ ಆಪ್ಷನ್, ಕೊಟ್ಟ ಸರ್ವರ್ ಯಾವುದು ಅಂತ ಹೇಳುವ 54, ಎರಡೂ ಕತ್ತರಿಸಿ ಹೋಗಿದ್ದವು.

ಇನ್ನೊಂದು ತಪ್ಪಿಗೆ ಪೂರಾ ಒಂದು ಸಂಜೆ ಹೋಯಿತು. ಫಿಲ್ಟರ್ ಇಲ್ಲದೆ ಹತ್ತು ನಿಮಿಷ ಹಿಡಿದ ಫೈಲು 20 ಜಿಬಿ ದಾಟಿತ್ತು. ಅದನ್ನು ಮತ್ತೆ ಟಿಸಿಪಿಡಂಪಿಗೇ ಕೊಟ್ಟು 'ಯುಡಿಪಿ ಪೋರ್ಟ್ 67' ಅಂದರೆ ಉತ್ತರ ಸೊನ್ನೆ. ಅದೇ ಫೈಲಿನ ಒಂದು ತುಂಡು ವೈರ್‌ಶಾರ್ಕಿನಲ್ಲಿ ತೆರೆದರೆ ಡಿಎಚ್‌ಸಿಪಿ ಸಾಲುಗಟ್ಟಿ ಕಾಣುತ್ತಿದೆ. ಕಾರಣ ವಿಲ್ಯಾನ್ ಟ್ಯಾಗ್, ಅಂದರೆ ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡಿದಾಗ ಪ್ಯಾಕೆಟ್ ಯಾವುದರದ್ದು ಅಂತ ಹೇಳುವ ಗುರುತು. ಟ್ಯಾಗಿನ 4 ಬೈಟ್ ನಡುವೆ ಬಂದರೆ ಫಿಲ್ಟರ್ ಹುಡುಕುವ ಜಾಗ ಸರಿದುಹೋಗುತ್ತದೆ. 'ಯುಡಿಪಿ ಪೋರ್ಟ್ 67 ಆರ್ (ವಿಲ್ಯಾನ್ ಆ್ಯಂಡ್ ಯುಡಿಪಿ ಪೋರ್ಟ್ 67)' ಅಂತ ಬರೆದ ಮೇಲೆ ಎಲ್ಲ ಬಂತು. ಈ ಕ್ರಮ ತಿರುಗಿಸಬೇಡಿ. ವಿಲ್ಯಾನ್ ಅನ್ನುವ ಪದ ಬಂದ ಮೇಲೆ ಬರೆದದ್ದೆಲ್ಲ ಟ್ಯಾಗ್ ಇರುವ ಪ್ಯಾಕೆಟ್ಟಿನ ಲೆಕ್ಕದಲ್ಲೇ ನಡೆಯುತ್ತದೆ.

ಡಂಪ್‌ಕ್ಯಾಪ್ ವೈರ್‌ಶಾರ್ಕ್ ಜೊತೆಗೇ ಬರುತ್ತದೆ. ನಿಜ ಹೇಳಬೇಕಂದರೆ ವೈರ್‌ಶಾರ್ಕ್ ಒಳಗೆ ಪ್ಯಾಕೆಟ್ ಹಿಡಿಯುವುದೂ ಇದೇ. ಒಂಟಿಯಾಗಿ ನಡೆಸಿದರೆ ಪರದೆಯ ಗೊಡವೆ ಇಲ್ಲ, ಸುಮ್ನೆ ಹಿಡಿದು ಬರೆಯುತ್ತದೆ. ಫಿಲ್ಟರ್ ಹಾಕಿ, 100 ಎಂಬಿಯ 20 ಫೈಲು ಅಂತ ಹೇಳಿ ಬಿಟ್ಟೆ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮುಂದೆ ಹೋಗುತ್ತದೆ, 2 ಜಿಬಿ ದಾಟುವುದಿಲ್ಲ. ಟಿಸಿಪಿಡಂಪಿಗೂ ಇದು ಬರುತ್ತದೆ, ಆದರೆ ಕೆಲವು ಲಿನಕ್ಸ್‌ಗಳಲ್ಲಿ ಅದು ಫೈಲು ತೆರೆಯುವ ಮುಂಚೆ ರೂಟ್ ಅಧಿಕಾರ ಬಿಟ್ಟುಕೊಟ್ಟು, ಅನುಮತಿ ಇಲ್ಲ ಅಂತ ನಿಲ್ಲುತ್ತದೆ. ಸಮಸ್ಯೆ ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದಾಗ, ದಿನಗಟ್ಟಲೆ ಕಾಯಬೇಕಿದ್ದಾಗ, ನನ್ನ ಮತ ಡಂಪ್‌ಕ್ಯಾಪಿಗೆ. ತಟ್ಟನೆ ಎರಡು ನಿಮಿಷ ನೋಡಲು ಟಿಸಿಪಿಡಂಪ್. ಹಿಡಿದದ್ದನ್ನು ಓದಲು ಮಾತ್ರ ವೈರ್‌ಶಾರ್ಕ್‌ಗೆ ಸಾಟಿ ಇಲ್ಲ. ಎನ್‌ಗ್ರೆಪ್ ಕೂಡ ಹಾಕಿ ನೋಡಿದೆ. ಪ್ಯಾಕೆಟ್ ಒಳಗಿನ ಅಕ್ಷರ ಹುಡುಕುತ್ತದೆ, ಆದರೆ ಈಗ ಬಹುಪಾಲು ಟ್ರಾಫಿಕ್ ಗೂಢಲಿಪಿಯಲ್ಲೇ ಇರುವಾಗ ಸಿಗುವುದು ಕಡಿಮೆ.

ಯಾವುದನ್ನೇ ಹಚ್ಚಿ, ನಿಲ್ಲಿಸಿದಾಗ ಕೊನೆಗೆ ಬರುವ ಡ್ರಾಪ್ ಲೆಕ್ಕ (ಹಿಡಿಯಲಾಗದೆ ಬಿಟ್ಟ ಪ್ಯಾಕೆಟ್ಟುಗಳ ಸಂಖ್ಯೆ) ನೋಡದೆ ಏಳಬೇಡಿ. ಅದು ಸೊನ್ನೆ ಇದ್ದರೂ ಪೂರ್ತಿ ನಂಬಬೇಡಿ. 1 ಗಿಗಾಬಿಟ್ ಲಿಂಕಿನ ಎರಡೂ ದಿಕ್ಕು ಸೇರಿ 2 ಗಿಗಾಬಿಟ್ ಆಗಬಹುದು, ಮಿರರ್ ಪೋರ್ಟ್ ಹೊರುವುದು 1 ಮಾತ್ರ. ಉಳಿದದ್ದು ಸ್ವಿಚ್ಚಿನಲ್ಲೇ ಬಿದ್ದುಹೋಗುತ್ತದೆ, ಲ್ಯಾಪ್‌ಟಾಪಿಗೆ ಅದರ ಸುಳಿವೂ ಸಿಗುವುದಿಲ್ಲ. ಅದಕ್ಕೇ ನಾನು ಎಲ್ಲ ಪೋರ್ಟ್ ಬಿಟ್ಟು, ಹಾಸ್ಟೆಲ್ ಕಡೆಯ ಒಂದೇ ಪೋರ್ಟಿನಿಂದ ಒಳಬರುವ ದಿಕ್ಕನ್ನು ಮಾತ್ರ ಮಿರರ್ ಮಾಡಿದೆ.

ಮೂರನೇ ರಾತ್ರಿ 9 ಗಂಟೆ ಸುಮಾರಿಗೆ ಡಂಪ್‌ಕ್ಯಾಪ್ ಫೈಲಿನಲ್ಲಿ ಹೊರಗಿನ ಆಫರ್ ಬಿತ್ತು. ಅದರ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತು) ಹಿಡಿದು ಸ್ವಿಚ್ಚಿನ ಟೇಬಲ್ ನೋಡಿದೆ, ಪೋರ್ಟ್ ಸಿಕ್ಕಿತು. ಎರಡನೇ ಮಹಡಿಯ ಕೊನೇ ರೂಮು. ಗೋಡೆಯಿಂದ ಬಂದ ಕೇಬಲ್ಲನ್ನು ಹುಡುಗ ರೂಟರಿನ ವ್ಯಾನ್ ತೂತು (ಹೊರಗಿನ ನೆಟ್ ಬರುವ ಕಡೆ) ಬಿಟ್ಟು ಲ್ಯಾನ್ ತೂತಿಗೆ (ರೂಟರ್ ವಿಳಾಸ ಹಂಚುವ ಕಡೆ) ಹಾಕಿದ್ದ, ರೂಟರ್ ಹಚ್ಚುತ್ತಿದ್ದದ್ದು ಊಟ ಮುಗಿಸಿ ಓದಲು ಕೂತಾಗ ಮಾತ್ರ. ಕೇಬಲ್ ಬದಲಿಸಿಕೊಟ್ಟೆ. ಮರುದಿನ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿದ ಪೋರ್ಟ್ ಬಿಟ್ಟು ಬೇರೆ ಕಡೆಯಿಂದ ಬರುವ ಆಫರ್ ತಡೆಯುವ ವ್ಯವಸ್ಥೆ) ಹಾಕಿದೆ.