ಎರಿ ಹೊಲ, ಕಬ್ಬಿನ ರಸ್ತೆ, ಚೋರ್ಲಾ ಘಾಟು: ಬೊಲೆರೊ, ವಿ-ಕ್ರಾಸ್, ಕ್ರೆಟಾ ಹೋಲಿಕೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಗಾಡಿ ತಗೊಳ್ಳುವ ಮಾತು ಬಂದರೆ ಪ್ರಶ್ನೆ ಮೂರೇ. "ಹೊಲಕ್ಕ ಹೋಗತೈತೇನು?", "ಅವ್ವಗ ಹತ್ತಾಕ ಬರತೈತೇನು?", "ಎಷ್ಟ ಕೊಡತೈತಿ?" ಫ್ರೇಮ್ (ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಇದ್ದರಷ್ಟೇ ಅದು ಗಾಡಿ, ಉಳಿದದ್ದೆಲ್ಲ ಎತ್ತರಿಸಿದ ಕಾರು ಎಂದು ವಾದ ಹೂಡುವ ಗಾಡಿಪ್ರಿಯರು ಬಹಳ ಮಂದಿ ಇದ್ದಾರೆ. ಆ ವಾದಕ್ಕಿಂತ ಈ ಮೂರು ಪ್ರಶ್ನೆಗಳಲ್ಲೇ ತೂಕ ಹೆಚ್ಚು. ಉತ್ತರ ಕಂಪನಿಯ ಹೆಸರಿನಲ್ಲಿ ಇಲ್ಲ, ನಿಮ್ಮ ದಾರಿಯ ಕೊನೆಯ ಎರಡು ಕಿಲೋಮೀಟರಿನಲ್ಲಿದೆ.

ಹೋಲಿಕೆಗೆ ಎತ್ತಿಕೊಂಡದ್ದು ಮೂರು ಬೇರೆ ಬೇರೆ ಜಾತಿಯ ಗಾಡಿ. ಮಹೀಂದ್ರಾ ಬೊಲೆರೊ 2000ದಿಂದ ಓಡುತ್ತಿದೆ: ಉದ್ದ 3995 ಎಂಎಂ, 1.5 ಲೀಟರಿನ ಮೂರು ಸಿಲಿಂಡರ್ ಡೀಸೆಲ್, 75 ಅಶ್ವಶಕ್ತಿ, 210 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಎಳೆತ ಹಿಂದಿನ ಗಾಲಿಗೆ, ಬಾಡಿ ಫ್ರೇಮಿನ ಮೇಲೆ, ಹಿಂದೆ ಪಾಟಾ (ಪಟ್ಟಿ ಪಟ್ಟಿಯಾದ ಸ್ಪ್ರಿಂಗು). ಇಸುಝು ವಿ-ಕ್ರಾಸ್ ಫೋರ್ ಬೈ ಫೋರ್ (ಬೇಕೆಂದಾಗ ನಾಲ್ಕೂ ಗಾಲಿಗೆ ಎಳೆತ) ಪಿಕಪ್ ಇಲ್ಲಿಗೆ ಬಂದದ್ದು 2016ರಲ್ಲಿ. ಈಗಿನದಕ್ಕೆ 1.9 ಲೀಟರ್ ಡೀಸೆಲ್, 163 ಅಶ್ವಶಕ್ತಿ, 360 ಎನ್‌ಎಂ, ಉದ್ದ 5295 ಎಂಎಂ. ಅದಕ್ಕೂ ಫ್ರೇಮ್, ಅದಕ್ಕೂ ಹಿಂದೆ ಪಾಟಾ. ಹ್ಯುಂಡೈ ಕ್ರೆಟಾ ಡೀಸೆಲ್ 1.5 ಲೀಟರ್, 116 ಅಶ್ವಶಕ್ತಿ, 250 ಎನ್‌ಎಂ, ಉದ್ದ 4330 ಎಂಎಂ. ಇದಕ್ಕೆ ಬೇರೆ ಫ್ರೇಮ್ ಇಲ್ಲ, ಬಾಡಿಯೇ ಚೌಕಟ್ಟು. ಎಳೆತ ಮುಂದಿನ ಗಾಲಿಗೆ. ಟೊಯೊಟಾ ಹೈಲಕ್ಸ್ ವಿ-ಕ್ರಾಸಿನ ಜಾತಿಯದೇ. ಅದರ 2.8 ಲೀಟರ್ ಎಂಜಿನ್ನು ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ ಕೊಡುತ್ತದೆ, ಆದರೆ ಉದ್ದ ಮತ್ತು ಪಾಟಾದ ಬಗ್ಗೆ ವಿ-ಕ್ರಾಸಿಗೆ ಹೇಳಿದ್ದೆಲ್ಲ ಅದಕ್ಕೂ ಸಲ್ಲುತ್ತದೆ.

ದಾರಿಯೂ ಮೂರು: ತಿಕೋಟಾ ಕಡೆಯ ದ್ರಾಕ್ಷಿ ಪಡಕ್ಕೆ ಹೋಗುವ ಹೊಲದ ದಾರಿ, ಮುಧೋಳ–ಜಮಖಂಡಿ ಕಬ್ಬಿನ ರಸ್ತೆ, ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟು. ಪ್ರತಿ ದಾರಿಯಲ್ಲೂ ಒಮ್ಮೆ ಖಾಲಿ, ಒಮ್ಮೆ 50 ಕೆಜಿಯ ನಾಲ್ಕು ಚೀಲ ಹೇರಿ.

ಎರಿಯ ಲೆಕ್ಕ

ಒಣಗಿದ ಎರಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮೂರೂ ಹೋಗುತ್ತವೆ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ, ಆಗ ಕ್ರೆಟಾ ಬದುವಿನ ತನಕ ಬರುತ್ತದೆ. ಪರೀಕ್ಷೆ ಶುರುವಾಗುವುದು ಮೊದಲ ದೊಡ್ಡ ಮಳೆಯ ಮರುದಿನ.

ಹಸಿ ಎರಿ ಜಾರುವುದಷ್ಟೇ ಅಲ್ಲ, ಅಂಟುತ್ತದೆ. ಗಾಲಿ ಒಂದು ಸುತ್ತು ತಿರುಗಿದರೆ ಟೈರಿನ ಗೆರೆಗಳೊಳಗೆ ಮಣ್ಣು ತುಂಬುತ್ತದೆ, ಎರಡನೇ ಸುತ್ತಿಗೆ ಟೈರು ನುಣುಪಾದ ಉಂಡೆಯಾಗುತ್ತದೆ. ಅಲ್ಲಿಂದ ಮುಂದೆ ಎಂಜಿನ್ನಿನ ಬಲ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಕ್ರೆಟಾದಂಥ ಕ್ರಾಸೋವರಿನಲ್ಲಿ (ಫ್ರೇಮಿಲ್ಲದ ಎತ್ತರದ ಕಾರಿನಲ್ಲಿ) ಟೈರಿಗೂ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ನಡುವೆ ಜಾಗ ಕಡಿಮೆ. ಮಣ್ಣು ಅಲ್ಲಿ ಪದರ ಪದರವಾಗಿ ಕೂತು, ಸುಮಾರು ನೂರು ಹೆಜ್ಜೆಯೊಳಗೆ ಗಾಲಿಯನ್ನೇ ಬ್ರೇಕಿನ ಹಾಗೆ ಹಿಡಿಯುತ್ತದೆ. ಕುಡಗೋಲಿನ ತುದಿಯಿಂದ ಕೆರೆದು ತೆಗೆಯಬೇಕು. ಬಲವಂತ ಮಾಡಿದರೆ ಹೊದಿಕೆಯ ಕ್ಲಿಪ್ಪು ಕಿತ್ತು ಬರುತ್ತದೆ. ಬೊಲೆರೊಗೆ ಗಾಲಿಯ ಮೇಲೆ ಜಾಗ ಧಾರಾಳ, ವಿ-ಕ್ರಾಸಿಗೆ ಇನ್ನೂ ಧಾರಾಳ.

ಟೈರಿನ ಅಳತೆ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಬೊಲೆರೊದ್ದು 215/75 ಆರ್15. ಅಂದರೆ ಅಗಲ 215 ಎಂಎಂ, ಪಕ್ಕದ ಗೋಡೆಯ ಎತ್ತರ ಅದರ ಮುಕ್ಕಾಲು, ಸುಮಾರು 161 ಎಂಎಂ. ವಿ-ಕ್ರಾಸಿನ 255/60 ಆರ್18 ಟೈರಿಗೆ ಆ ಗೋಡೆ 153, ಕ್ರೆಟಾದ 215/60 ಆರ್17ಕ್ಕೆ 129. ನಮ್ಮ ಹೊಲದ ದಾರಿಗಳಿಗೆ ತಳ ಗಟ್ಟಿ, ಮೇಲೆ ನಾಲ್ಕು ಬೆರಳು ರಾಡಿ. ಸಣ್ಣ ಅಗಲದ ಟೈರು ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಅಗಲ ಟೈರು ರಾಡಿಯ ಮೇಲೆ ತೇಲುತ್ತದೆ. ಅದಕ್ಕೇ ಹಿಂದೆ ಎರಡು ಚೀಲ ಹೇರಿದ ಬೊಲೆರೊ, ಕಂಪನಿ ಟೈರಿನ ಮೇಲೆ ಖಾಲಿ ಬಂದ ಫೋರ್ ಬೈ ಫೋರ್ ಪಿಕಪ್ಪಿನ ಸಮಕ್ಕೆ ಬಂತು. ಖಾಲಿ ಬೊಲೆರೊ ಬರಲಿಲ್ಲ. ಹಿಂದಿನ ಗಾಲಿಯ ಮೇಲೆ ಭಾರವಿಲ್ಲದೆ ನಿಂತಲ್ಲೇ ಸುತ್ತಿತು. ಹಸಿ ಎರಿಯಲ್ಲಿ ಫೋರ್ ಬೈ ಫೋರ್‌ಗಿಂತ ಟೈರೇ ಮುಖ್ಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೆದ್ದಾರಿ ಟೈರು ತೆಗೆದು ಆಲ್ ಟೆರೇನ್ (ಮಣ್ಣಿನ ದಾರಿಗೂ ಆಗುವ ಒರಟು ಗೆರೆಯ ಟೈರು) ಹಾಕಿಸಿದರೆ ಮೂರರಲ್ಲಿ ಯಾವುದಾದರೂ ಸುಧಾರಿಸುತ್ತದೆ. ಬದಲಿಗೆ ಮೈಲೇಜು ಅರ್ಧದಿಂದ ಒಂದು ಕಿಲೋಮೀಟರ್ ಇಳಿಯುತ್ತದೆ, 80 ದಾಟಿದರೆ ಟೈರಿನ ಸದ್ದು ಕೇಳುತ್ತದೆ.

ಕೊಯ್ಲಾದ ತೊಗರಿ ಹೊಲಕ್ಕೆ ಮಾತ್ರ ಯಾವುದನ್ನೂ ಇಳಿಸಬೇಡಿ. ಓರೆಯಾಗಿ ಕತ್ತರಿಸಿದ ತೊಗರಿ ಕೂಳೆ ಈಟಿಯ ಹಾಗೆ ನಿಂತಿರುತ್ತದೆ. ಪಕ್ಕದ ಗೋಡೆಗೆ ಚುಚ್ಚಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರೇ ಹೋಯಿತು.

ಸಿಕ್ಕಿಬಿದ್ದರೆ ಎಕ್ಸಲರೇಟರ್ ಒತ್ತುತ್ತ ಹೋಗುವುದು ಗುಂಡಿ ತೋಡಿದ ಹಾಗೆ. ಗಾಲಿಯ ಮುಂದಿನ ಮಣ್ಣು ಇಳಿಜಾರಾಗಿ ಕೆತ್ತಿ, ಜೋಳದ ಕಣಿಕಿಯನ್ನು ಗಾಲಿಗೆ ಅಡ್ಡಲಾಗಿ ಹಾಸಿ, ಎರಡನೇ ಗೇರಿನಲ್ಲಿ ನಿಧಾನ ಬಿಡಬೇಕು. ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಬೊಲೆರೊ, ವಿ-ಕ್ರಾಸಿನ ಕೊಂಡಿ ಫ್ರೇಮಿಗೇ ಇದೆ. ಕ್ರಾಸೋವರಿನ ಕೊಂಡಿ ಟೂಲ್ ಕಿಟ್ಟಿನಲ್ಲಿ ಬಿಚ್ಚಿಟ್ಟಿರುತ್ತದೆ. ಬಂಪರಿನ ಚೌಕದ ಮುಚ್ಚಳ ತೆಗೆದು ಅದನ್ನು ತಿರುಗಿಸಿ, ಸ್ಪ್ಯಾನರ್ ಹಾಕಿ ಕೊನೆಯ ತನಕ ಬಿಗಿಯಬೇಕು. ಎರಡು ಸುತ್ತಿಗೇ ಬಿಟ್ಟರೆ ಎಳೆಯುವಾಗ ತಿರುಪು ಮುರಿದು ಕೊಂಡಿ ಗುಂಡಿನ ಹಾಗೆ ಹಾರುತ್ತದೆ. ಎಳೆತ ನೇರವಾಗಿರಬೇಕು, ಓರೆಯಲ್ಲಿ ಅಲ್ಲ.

ನೆಲದಿಂದ ಎತ್ತರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕ್ರೆಟಾಗೆ 190 ಎಂಎಂ, ಬೊಲೆರೊಗೆ 180 ಎಂಎಂ ಎಂದು ಕಾಗದದಲ್ಲಿ ಇರುತ್ತದೆ. ಐದು ಮಂದಿ ಕೂತು ಡಿಕ್ಕಿ ತುಂಬಿದರೆ ಕ್ರಾಸೋವರಿನ ಹೊಟ್ಟೆಯೇ ಕೆಳಗೆ ಇಳಿಯುತ್ತದೆ. ಬೊಲೆರೊ, ವಿ-ಕ್ರಾಸಿನಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಹಿಂದಿನ ಆಕ್ಸಲಿನ ನಡುವಿನ ಡಿಫರೆನ್ಷಿಯಲ್ ಗುಂಡು (ಎರಡು ಗಾಲಿಗೆ ಎಳೆತ ಹಂಚುವ ಗೇರಿನ ಡಬ್ಬಿ). ಅದು ಸ್ಪ್ರಿಂಗಿನ ಕೆಳಗೆ, ಗಾಲಿಯ ಜೊತೆಗೇ ಇರುವುದರಿಂದ ಎಷ್ಟು ಹೇರಿದರೂ ಅದರ ಎತ್ತರ ಬದಲಾಗುವುದಿಲ್ಲ. ಹಾಗೆಂದು ಮೈಮರೆಯಬಾರದು. ಕಬ್ಬಿನ ಟ್ರೇಲರುಗಳು ಕೊರೆದ ಜಾಡಿನಲ್ಲಿ ನಡುವೆ ದಿನ್ನೆ ಎದ್ದಿರುತ್ತದೆ, ಆ ಗುಂಡು ಸರಿಯಾಗಿ ಅದರ ಮೇಲೇ ಬರುತ್ತದೆ. ಒಂದು ಗಾಲಿ ದಿನ್ನೆಯ ಮೇಲೆ, ಇನ್ನೊಂದು ಜಾಡಿನ ಹೊರಗೆ ಇಟ್ಟು ನಡೆಸಬೇಕು.

ಕಬ್ಬಿನ ರಸ್ತೆ

ಮುಧೋಳ–ಜಮಖಂಡಿ ರಸ್ತೆಯಲ್ಲಿ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು. ಕತ್ತಲಲ್ಲಿ ಹಿಂದೆ ದೀಪವಿಲ್ಲದವೂ ಇರುತ್ತವೆ, ಕಬ್ಬು ಟ್ರೇಲರಿನ ಅಂಚು ದಾಟಿ ಹೊರಚಾಚಿರುತ್ತದೆ. ಇಲ್ಲಿ ಎರಡು ಬೇಕು: ಬೇಗ ದಾಟುವ ಶಕ್ತಿ, ಬೇಗ ನಿಲ್ಲುವ ಬ್ರೇಕು. ಮೂರನೇ ಗೇರಿನಲ್ಲಿ 50ರಿಂದ 80ಕ್ಕೆ ಏರುವಾಗ ವಿ-ಕ್ರಾಸ್, ಕ್ರೆಟಾ ಎರಡೂ ನಿರಾಳ. ಬೊಲೆರೊಗೆ ಎದುರಿನ ರಸ್ತೆ ದೂರದ ತನಕ ಖಾಲಿ ಕಾಣಬೇಕು, ಇಲ್ಲದಿದ್ದರೆ ಹಿಂದೆಯೇ ಉಳಿಯುವುದು ಜಾಣತನ. ಹಠಾತ್ ಬ್ರೇಕಿನಲ್ಲಿ ಮೂರರಲ್ಲಿ ಅತ್ಯಂತ ನೇರ ನಿಂತದ್ದು ಕ್ರೆಟಾ. ಅದರ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಇದೆ, ಬೊಲೆರೊಗೆ ಎರಡು. ದಿನಾ ರಾತ್ರಿ ಈ ರಸ್ತೆಯಲ್ಲಿ ಓಡಾಡುವ ಮನೆಗೆ ಇದೊಂದೇ ಸಾಕು ತೀರ್ಮಾನಿಸಲು.

ಮೈಲೇಜು, ಟ್ಯಾಂಕು ತುಂಬಿಸಿ ಮತ್ತೆ ತುಂಬಿಸಿದ ಲೆಕ್ಕದಲ್ಲಿ, 80ರ ಆಸುಪಾಸಿನ ಓಟಕ್ಕೆ: ಕ್ರೆಟಾ ಸುಮಾರು 18, ಬೊಲೆರೊ 14, ವಿ-ಕ್ರಾಸ್ 11ರಿಂದ 12.

ಘಾಟು

ಚೋರ್ಲಾದ ಮಳೆಯಲ್ಲಿ ಖಾಲಿ ಪಿಕಪ್ ಓಡಿಸಲು ಕೈ ಪಳಗಿರಬೇಕು. ಹಿಂದೆ ಭಾರವಿಲ್ಲ, ಪಾಟಾ ಗಟ್ಟಿ, ಫೋರ್ ಬೈ ಫೋರ್ ಹಾಕದಿದ್ದಾಗ ಎಳೆತ ಹಿಂದಿನ ಗಾಲಿಗೆ: ಎರಡನೇ ಗೇರಿನ ತಿರುವಿನಲ್ಲಿ ಸ್ವಲ್ಪ ಹೆಚ್ಚು ಒತ್ತಿದರೂ ಹಿಂಭಾಗ ಹೊರಕ್ಕೆ ಸರಿಯುತ್ತದೆ. ನಾಲ್ಕು ಚೀಲ ಹೇರಿದ ಕೂಡಲೇ ಅದೇ ಗಾಡಿ ಬೇರೆಯೇ ಆಯಿತು, ಕುಣಿತ ನಿಂತಿತು, ತಿರುವಿನಲ್ಲಿ ಕೂತು ನಡೆಯಿತು. ಖಾಲಿ ಓಡಿಸುವ ದಿನ ಹಿಂದಿನ ಟೈರಿಗೆ ಬಾಗಿಲಿನ ಚೀಟಿಯಲ್ಲಿ ಕೊಟ್ಟ ಖಾಲಿ ಗಾಡಿಯ ಗಾಳಿಯನ್ನೇ ಹಾಕಿಸಿ, ಅದೂ ಬೆಳಗ್ಗೆ ತಣ್ಣಗಿರುವಾಗ. ಪೂರ್ತಿ ಭಾರದ ಗಾಳಿ ಹಾಗೇ ಬಿಟ್ಟು ಖಾಲಿ ಓಡಿಸುವುದೇ ಪಿಕಪ್ಪಿನ ಅರ್ಧ ಕುಣಿತಕ್ಕೆ ಕಾರಣ.

ಫೋರ್ ಬೈ ಫೋರ್ ಇದೆಯೆಂದು ಒಣ ಡಾಂಬರಿನ ಮೇಲೆ ಹಾಕಬಾರದು. ಈ ಪಿಕಪ್ಪುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಉರುಳಬೇಕು, ಹಿಂದಿನದು ಕಡಿಮೆ. ಆ ವ್ಯತ್ಯಾಸ ಕಳೆದುಕೊಳ್ಳಲು ಜಾಗವಿಲ್ಲದೆ ಶಾಫ್ಟು, ಗೇರು ಹಿಂಡಿಕೊಳ್ಳುತ್ತವೆ, ಸ್ಟೇರಿಂಗ್ ಬಿಗಿಯುತ್ತದೆ, ಟೂ ಹೈಗೆ (ಹಿಂದಿನ ಗಾಲಿಗೆ ಮಾತ್ರ ಎಳೆತ) ತಿರುಗಿಸಿದರೂ ದೀಪ ಮಿಣುಕುತ್ತಲೇ ಇರುತ್ತದೆ. ಸ್ಟೇರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ಹಿಂದಕ್ಕೆ ಬಂದರೆ ಬಿಡುತ್ತದೆ.

ಖಾನಾಪುರ ಕಡೆಯ ಕೆಂಪು ಮಣ್ಣಿನ ಏರಿನಲ್ಲಿ ಕ್ರೆಟಾಗೆ ಒಂದು ತೊಂದರೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿದು ಎಳೆಯುವ ಮುಂದಿನ ಗಾಲಿ ಹಗುರಾಗುತ್ತದೆ. ಡಿಕ್ಕಿ ತುಂಬಿದ್ದರೆ ಇನ್ನಷ್ಟು. ಸುತ್ತಮುತ್ತ ಜಾಗವಿದ್ದರೆ ಹಿಮ್ಮುಖವಾಗಿ ಹತ್ತಿಸಿ. ಆಗ ಭಾರ ಎಳೆಯುವ ಗಾಲಿಯ ಮೇಲೇ ಬೀಳುತ್ತದೆ.

ಕ್ರಾಸೋವರ್ ಆಟೋಮ್ಯಾಟಿಕ್ ಬೇಕೆನ್ನುವವರಿಗೆ ಘಾಟಿನ ಮಾತು ಒಂದೇ: ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಗೇರ್‌ಬಾಕ್ಸು) ತಗೊಳ್ಳಿ. ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ಹೆದ್ದಾರಿಯಲ್ಲಿ ಸೊಗಸು, ಆದರೆ ಲಾರಿಯ ಹಿಂದೆ ತೆವಳುತ್ತ ಏರುವಾಗ ಕ್ಲಚ್ಚು ಅರ್ಧ ಹಿಡಿದೇ ಇದ್ದು ಕಾಯುತ್ತದೆ. ಇರುವವರು ಏರಿನಲ್ಲಿ ಎಕ್ಸಲರೇಟರಿನಿಂದ ಗಾಡಿ ನಿಲ್ಲಿಸಬೇಡಿ, ಬ್ರೇಕ್ ಒತ್ತಿ ನಿಲ್ಲಿ. ಮುಂದಿನ ಲಾರಿ ಹತ್ತು ಮಾರು ಹೋದ ಮೇಲೆ ಒಂದೇ ಸಲ ಹೊರಡಿ.

ಹೇರು, ಅಗಸಿ, ಅವ್ವ

ವಿ-ಕ್ರಾಸಿನ ಹಿಂದಿನ ಬಾಡಿ ನೋಡಲು ದೊಡ್ಡದು, ಲೆಕ್ಕಕ್ಕೆ ಸಣ್ಣದು: ಸುಮಾರು ಐದು ಅಡಿ. ದ್ರಾಕ್ಷಿ ಕ್ರೇಟು ನೆಲಕ್ಕೆ ಆರೋ ಏಳೋ ಕೂರುತ್ತವೆ. ಬಿಳಿ ನಂಬರ್ ಪ್ಲೇಟಿನ ಗಾಡಿಯಲ್ಲಿ ಬಾಡಿಗೆಗೆ ಮಾಲು ಹೊರುವಂತಿಲ್ಲ. ಎಷ್ಟು ಹೇರಬಹುದು ಎಂಬುದಕ್ಕೆ ಆರ್‌ಸಿ ಕಾರ್ಡಿನ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ, ಅದರೊಳಗೇ ಕೂತವರ ತೂಕವೂ ಬರಬೇಕು. ಮಾರುಕಟ್ಟೆಗೆ ಮಾಲು ಸಾಗಿಸುವುದೇ ಕೆಲಸವಾದರೆ 1.3 ಟನ್ ಹೊರುವ ಹಳದಿ ಪ್ಲೇಟಿನ ಪಿಕಪ್ಪೇ ಸರಿ. ವಿ-ಕ್ರಾಸ್, ಹೈಲಕ್ಸ್ ಅದರ ಬದಲಿ ಅಲ್ಲ. ಅವು ಪಂಪು, ಪೈಪು, ಗೊಬ್ಬರದ ನಾಲ್ಕು ಚೀಲ ಹೊರುವ ಮನೆಯ ಗಾಡಿ.

5295 ಎಂಎಂ ಉದ್ದವನ್ನು ಹಳ್ಳಿಯ ಅಗಸಿಯೊಳಗೆ ತಿರುಗಿಸಿ ನೋಡಿದರೆ ತಿಳಿಯುತ್ತದೆ. ತಿರುಗುವ ತ್ರಿಜ್ಯ 6.3 ಮೀಟರ್. ಬೊಲೆರೊ ಒಂದೇ ಸಲಕ್ಕೆ ಹೊರಳುವ ಓಣಿಯಲ್ಲಿ ಇದಕ್ಕೆ ಮೂರು ಸಲ ಹಿಂದೆ ಮುಂದೆ ಆಗಬೇಕಾಯಿತು. ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಯಲ್ಲಿ ಜಾಗ ಹುಡುಕುವುದಂತೂ ಬೇಡ.

ಇಳಕಲ್ ಸೀರೆ ಉಟ್ಟ, ಮೊಣಕಾಲು ನೋವಿರುವ ಅವ್ವ ಹತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿ. ಕ್ರೆಟಾದ ಸೀಟು ಸೊಂಟದ ಮಟ್ಟಕ್ಕಿದೆ: ತಿರುಗಿ ಕೂರುವುದು, ಕಾಲು ಒಳಗೆ ಎಳೆಯುವುದು, ಮುಗಿಯಿತು. ಬೊಲೆರೊಗೆ ಮೆಟ್ಟಿಲು, ಮೇಲಿನ ಹಿಡಿಕೆ ಎರಡೂ ಬೇಕು. ಸೆರಗು ಒಂದು ಕೈಯಲ್ಲಿ, ಹಿಡಿಕೆ ಇನ್ನೊಂದರಲ್ಲಿ. ಪಿಕಪ್ಪಿಗೆ ಹತ್ತಲು ಪಕ್ಕದಲ್ಲಿ ಇನ್ನೊಬ್ಬರು ಬೇಕು.

ಡೀಸೆಲ್ ಮತ್ತು ಖರ್ಚು

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಚೆನ್ನಾಗಿ ಕಾದಾಗ ಮಾತ್ರ ಮಸಿ ಸುಟ್ಟುಹೋಗುತ್ತದೆ. ದಿನಾ ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಕಾಯುವುದೇ ಇಲ್ಲ, ದೀಪ ಹತ್ತುತ್ತದೆ. ಹತ್ತಿದ ಕೂಡಲೇ ಹೆದ್ದಾರಿಗೆ ಒಯ್ದು, ಒಂದು ಗೇರು ಕೆಳಗೆ ಇಟ್ಟು, 2000 ಆರ್‌ಪಿಎಂ ಮೇಲೆ 20–25 ನಿಮಿಷ ಬಿಡದೆ ಓಡಿಸಿ. ವಿಜಯಪುರದಿಂದ ಕೊಲ್ಹಾರ ಸೇತುವೆಯ ತನಕ ಹೋಗಿ ಬಂದರೆ ಆಯಿತು. ನಡುವೆ ನಿಲ್ಲಿಸುತ್ತ ಹೋದರೆ ಸುಡದ ಡೀಸೆಲ್ ಆಯಿಲಿಗೆ ಇಳಿಯುತ್ತದೆ; ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಅದೇ ಕಾರಣ, ಆಯಿಲ್ ಬದಲಿಸಬೇಕು. ಊರೊಳಗಿನ ಓಡಾಟವೇ ಹೆಚ್ಚಿದ್ದರೆ ಪೆಟ್ರೋಲ್ ಕ್ರಾಸೋವರ್ ತಗೊಳ್ಳಿ.

ತೆರಿಗೆಯಲ್ಲಿ ಬೊಲೆರೊ ಮುಂದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ. 18, ಕ್ರೆಟಾದಂಥ ಉದ್ದದ ಕಾರಿಗೆ ಶೇ. 40.

ಪಿಕಪ್ ಕೊಂಡವರಲ್ಲಿ ದೊಡ್ಡ ಟೈರು, ಮುಂದೆ ಕಬ್ಬಿಣದ ಗಾರ್ಡು ಹಾಕಿಸುವ ಹುಮ್ಮಸ್ಸು ಹೆಚ್ಚು. ಗಾರ್ಡನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ನಿಷೇಧಿಸಿದೆ. ಅದು ಗುದ್ದಿನ ಬಲವನ್ನು ನೇರ ಫ್ರೇಮಿಗೆ ಒಯ್ಯುತ್ತದೆ, ಏರ್‌ಬ್ಯಾಗ್ ಸೆನ್ಸರಿಗೆ ಸರಿಯಾದ ಸುದ್ದಿ ಮುಟ್ಟುವುದಿಲ್ಲ, ಎದುರು ಬಂದ ಪಾದಚಾರಿಗೆ ಉಳಿಗಾಲವಿಲ್ಲ. ಟೈರಿನ ಸುತ್ತಳತೆ ಶೇ. 10 ಹೆಚ್ಚಿದರೆ ಮೀಟರ್ 80 ತೋರಿಸುವಾಗ ಗಾಡಿ 88ರ ಹತ್ತಿರ ಓಡುತ್ತಿರುತ್ತದೆ. ಅದೇ ದುಡ್ಡಿಗೆ ಕಂಪನಿ ಅಳತೆಯ ಒಳ್ಳೆಯ ಆಲ್ ಟೆರೇನ್ ಟೈರು ಬರುತ್ತದೆ.

ಮನೆಗೆ ಒಂದೇ ಗಾಡಿ, ಹೊಲದ ದಾರಿ ಎರಿ ಎಂದಾದರೆ ಬೊಲೆರೊ. ದಾರಿಗೆ ಮುರುಮು (ಗಟ್ಟಿ ಗರಸು ಮಣ್ಣು) ಬಿದ್ದಿದ್ದರೆ ಎರಡು ಮಾತಿಲ್ಲದೆ ಕ್ರೆಟಾ ಜಾತಿಯದು. ಇನ್ನೊಂದು ಕಾರು ಮನೆಯಲ್ಲಿದ್ದು, ಘಾಟು, ಕಾಡುದಾರಿ, ಹೇರು ಮೂರೂ ನಿಜವಾಗಿ ಇದ್ದರೆ ವಿ-ಕ್ರಾಸ್. ಟೆಸ್ಟ್ ಡ್ರೈವಿಗೆ ರಿಂಗ್ ರೋಡಿನ ಒಂದು ಸುತ್ತು ಒಪ್ಪಬೇಡಿ. ಅವ್ವನನ್ನು ಹಿಂದೆ ಕೂರಿಸಿ, ಡಿಕ್ಕಿಗೆ ಎರಡು ಚೀಲ ಹಾಕಿ, 20ರ ವೇಗದಲ್ಲಿ ಮೂರು ಸ್ಪೀಡ್ ಬ್ರೇಕರ್, ಒಂದು ತಗ್ಗು ಬಿದ್ದ ರಸ್ತೆ, ಒಂದು ಇಕ್ಕಟ್ಟಿನ ಓಣಿ. ಅಷ್ಟಕ್ಕೆ ಬೇಡವೆನ್ನುವ ಅಂಗಡಿಯಾದರೆ ಮುಂದಿನ ಅಂಗಡಿಗೆ ಹೋಗಿ.