ಬಿಬಿಸಿ ಮೈಕ್ರೊಗೆ ಎಸ್‌ಡಿ ಕಾರ್ಡ್ ಮತ್ತು ಎಚ್‌ಡಿಎಂಐ: ಕೆಲವು ವರ್ಷಗಳ ಬಳಕೆಯ ನಂತರ

ನನ್ನ ಬಳಿ ಇರುವುದು ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ, ಮಾಡೆಲ್ ಬಿ. 1981ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಕಂಪ್ಯೂಟರ್. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕಿಲೋಬೈಟ್ ಮೆಮೊರಿ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ಇದೇ ಯಂತ್ರ ನಮ್ಮ ದೇಶದ ಶಾಲೆಗಳಿಗೂ ಬಂತು. ನನ್ನದು ಅಂಥ ಒಂದು ಶಾಲೆ ವಿಲೇವಾರಿ ಮಾಡಿದ ಸಾಮಾನಿನ ಜೊತೆ, ಒಂದು ಪೆಟ್ಟಿಗೆ ಐದೂಕಾಲು ಇಂಚಿನ ಫ್ಲಾಪಿಗಳ ಸಮೇತ ಕೈಸೇರಿತು. ಅದಕ್ಕೆ ಜೋಡಿಸಿದ ಎರಡು ಹೊಸ ಸಾಧನಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಯಂತ್ರಕ್ಕೆ ಏನನ್ನೇ ಸೇರಿಸಿದರೂ ನಾಳೆ ಅದನ್ನು ಕಳಚಿದಾಗ ಯಂತ್ರ ಮೊದಲಿನಂತೆಯೇ ಉಳಿಯಬೇಕು. ನಾನು ಅಳೆಯುವುದು ಈ ಒಂದು ಮಾನದಂಡದಿಂದ.

ಸಾಧನಗಳಿಗೂ ಮೊದಲು ವಿದ್ಯುತ್ ಪೂರೈಕೆಯ ಮಾತು. ಯಾರಾದರೂ ಇಂಥ ಯಂತ್ರ ತಂದರೆ, ‘ಸುಮ್ಮನೆ ಒಮ್ಮೆ ಹಾಕಿ ನೋಡೋಣ’ ಎಂದು ಪ್ಲಗ್ ಸಿಕ್ಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಳಗಿನ ಪೆಟ್ಟಿಗೆಯಲ್ಲಿ ನೇರವಾಗಿ ಮನೆಯ ವಿದ್ಯುತ್ತಿಗೆ ಅಡ್ಡಲಾಗಿ ಕೂತಿರುವ ವಿದ್ಯುತ್ತಿನ ಅಡಚಣೆ (ನಾಯ್ಸ್) ತಡೆಯುವ ಎರಡು ಕೆಪಾಸಿಟರ್‌ಗಳಿವೆ: ಒಂದು 0.1 ಮೈಕ್ರೊಫ್ಯಾರಡ್, ಇನ್ನೊಂದು 0.01. ಕಾಗದದ ಪದರಗಳನ್ನು ಪಾರದರ್ಶಕ ರಾಳದಲ್ಲಿ ಮುಚ್ಚಿದ ಹಳೆಯ ಬಗೆಯವು. ವರ್ಷ ಕಳೆದಂತೆ ಆ ಹಳದಿ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಿಡುತ್ತವೆ, ಬಿರುಕಿನಿಂದ ತೇವ ಒಳಗಿಳಿಯುತ್ತದೆ. ನಮ್ಮ ಮಳೆಗಾಲದ ಹವೆಗೆ ಇದು ಇನ್ನೂ ಬೇಗ. ವಿದ್ಯುತ್ ಹರಿಸಿದ ಕೆಲ ನಿಮಿಷಗಳಲ್ಲಿ ಗಂಟಲು ಕಟ್ಟುವ ಹೊಗೆ ಕೋಣೆ ತುಂಬುತ್ತದೆ. ಬದಲಿಗೆ ಹಾಕುವಂಥವು ‘ಎಕ್ಸ್2’ ವರ್ಗದವೇ ಆಗಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆದರೆ ‘400 ವೋಲ್ಟಿನದು ಇದೆಯಲ್ಲ, ಅದೇ ಸಾಕು’ ಎಂದು ಸಾಮಾನ್ಯ ಕೆಪಾಸಿಟರ್ ಕೊಡಲು ಬಂದರೆ ಒಪ್ಪಬೇಡಿ. ಎಕ್ಸ್2 ವರ್ಗದ್ದು ಕೆಟ್ಟರೂ ಹೊತ್ತಿಕೊಳ್ಳದಂತೆ ಮಾಡಿರುವಂಥದ್ದು. ಜೊತೆಗೆ 220 ಮೈಕ್ರೊಫ್ಯಾರಡ್‌ನ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೂ ಬದಲಿಸಿ. ಬೆಸುಗೆಯ ಅಭ್ಯಾಸವಿಲ್ಲದಿದ್ದರೆ ಬಲ್ಲವರಿಗೆ ಕೊಡಿ, ಇದು ಜೀವದ ಪ್ರಶ್ನೆ. ಮಾಡೆಲ್ ಬಿ ಯಂತ್ರದೊಳಗೆ ಬ್ಯಾಟರಿ ಇಲ್ಲ ಎನ್ನುವುದೊಂದು ಸಮಾಧಾನ. 1986ರ ಮಾಸ್ಟರ್ 128 ಇಟ್ಟುಕೊಂಡವರು ಅದರ ಬ್ಯಾಟರಿ ಸೋರಿದೆಯೇ ಎಂದೂ ನೋಡಬೇಕು.

ಮೊದಲ ಸಾಧನ ಎಸ್‌ಡಿ ಕಾರ್ಡ್ ಓದುವ ಪುಟ್ಟ ಹಲಗೆ. ಯಂತ್ರದ ಹೊಟ್ಟೆಯಡಿ ಇರುವ ಯೂಸರ್ ಪೋರ್ಟ್‌ಗೆ ಸಿಕ್ಕಿಸುವಂಥದ್ದು. ಎಂಎಂಎಫ್‌ಎಸ್ ಎಂಬ, ಕಾರ್ಡನ್ನು ಡಿಸ್ಕಿನಂತೆ ಬಳಸಲು ಬೇಕಾದ ತಂತ್ರಾಂಶವನ್ನು ಒಂದು ರೋಮ್ ಚಿಪ್‌ಗೆ, ಅಂದರೆ ಓದಲು ಮಾತ್ರ ಬರುವ ಚಿಪ್‌ಗೆ ಬರೆಸಿ, ಕೀಬೋರ್ಡಿನ ಬಲಭಾಗದ ಅಡಿಯಲ್ಲಿರುವ ಖಾಲಿ ಸಾಕೆಟ್‌ನಲ್ಲಿ ಕೂರಿಸಬೇಕು. ಮುಚ್ಚಳ ತೆಗೆಯಲು ‘ಫಿಕ್ಸ್’ ಎಂದು ಗುರುತು ಹಾಕಿದ ಸ್ಕ್ರೂಗಳನ್ನು ಬಿಚ್ಚಿದರೆ ಸಾಕು. ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ, ಬೆಸುಗೆಯೂ ಇಲ್ಲ.

ಕಾರ್ಡಿನಲ್ಲಿರುವ ಒಂದೇ ಒಂದು ಫೈಲ್ 511 ಡಿಸ್ಕ್‌ಗಳನ್ನು ಹೊತ್ತಿರುತ್ತದೆ, ಪ್ರತಿಯೊಂದೂ 200 ಕಿಲೋಬೈಟ್. ಒಟ್ಟು ನೂರು ಮೆಗಾಬೈಟ್‌ನ ಆಸುಪಾಸು. ಕ್ಯಾಸೆಟ್‌ನಿಂದ 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ 20 ಕಿಲೋಬೈಟ್ ಓದಿಸಲು ಮೂರು ನಿಮಿಷ ಕಾಯಬೇಕಿತ್ತು. ಈಗ ಶಿಫ್ಟ್ ಮತ್ತು ಬ್ರೇಕ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಆಟ ತೆರೆಯ ಮೇಲೆ. ಆದರೂ ಫೈಲಿನ ಹೆಸರು ಏಳು ಅಕ್ಷರ ಮೀರುವಂತಿಲ್ಲ, ಒಂದು ಡಿಸ್ಕ್‌ನಲ್ಲಿ 31ಕ್ಕಿಂತ ಹೆಚ್ಚು ಫೈಲ್ ಇಡುವಂತಿಲ್ಲ. ಹಳೆಯ ಶಿಸ್ತು ಹಾಗೆಯೇ ಉಳಿದಿದೆ. ನನಗೆ ಅದು ಇಷ್ಟ.

ಕೊರತೆಗಳೂ ಇವೆ. ಯೂಸರ್ ಪೋರ್ಟ್ ಇದಕ್ಕೇ ಮೀಸಲಾಗುವುದರಿಂದ ಮೌಸ್ ಅಥವಾ ನಿಮ್ಮದೇ ಸರ್ಕ್ಯೂಟ್ ಜೋಡಿಸಬೇಕಾದರೆ ಇದನ್ನು ಕಳಚಬೇಕು. ಆ ಫೈಲ್ ಕಾರ್ಡಿನಲ್ಲಿ ತುಂಡುತುಂಡಾಗಿ ಕೂರಬಾರದು, ಹಾಗಾಗಿ ಕಾರ್ಡ್ ಫಾರ್ಮ್ಯಾಟ್ ಮಾಡಿದ ಕೂಡಲೇ ಮೊದಲಿಗೆ ಅದನ್ನೇ ನಕಲಿಸಬೇಕು. ನಕಲು ತಡೆಯಲೆಂದು ಫ್ಲಾಪಿ ನಿಯಂತ್ರಕದ ವಿಶೇಷ ಗುಣಗಳನ್ನು ನೆಚ್ಚಿಕೊಂಡ ಕೆಲವು ಮೂಲ ಡಿಸ್ಕ್‌ಗಳು ಇದರಲ್ಲಿ ಓಡುವುದಿಲ್ಲ. ಮೆಮೊರಿಯ ಲೆಕ್ಕವೂ ಇದೆ: ಎಂಎಂಎಫ್‌ಎಸ್‌ನ ಸಾಮಾನ್ಯ ರೂಪ, ಫ್ಲಾಪಿ ನಿಭಾಯಿಸುವ ಡಿಎಫ್‌ಎಸ್ ತಂತ್ರಾಂಶದಂತೆಯೇ, ತನ್ನ ಕೆಲಸಕ್ಕೆಂದು ಒಂದಿಷ್ಟು ಜಾಗ ಕಾದಿರಿಸಿಕೊಳ್ಳುತ್ತದೆ. ತೆರೆಗೇ 20 ಕಿಲೋಬೈಟ್ ಬೇಡುವ ಮೋಡ್ 2ರಲ್ಲಿ (ಮೋಡ್ ಎಂದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಒಂದು ಬಗೆ) ನಿಮ್ಮ ಬೇಸಿಕ್ ಪ್ರೋಗ್ರಾಂಗೆ ಉಳಿಯುವುದು 5,888 ಬೈಟ್; ಆ ಕಾದಿರಿಕೆ ಇಲ್ಲದಿದ್ದರೆ 8,704. ಕ್ಯಾಸೆಟ್‌ಗೆಂದು ಬರೆದ ದೊಡ್ಡ ಪ್ರೋಗ್ರಾಂಗಳು ಇಲ್ಲಿ ಎಡವುತ್ತವೆ.

ಎರಡನೆಯದು ಆರ್‌ಜಿಬಿ-ಟು-ಎಚ್‌ಡಿಎಂಐ. ಮುಕ್ತ ವಿನ್ಯಾಸದ ಸಾಧನ: ರಾಸ್ಪ್‌ಬೆರಿ ಪೈ ಝೀರೊ ಎಂಬ ಪುಟ್ಟ ಕಂಪ್ಯೂಟರ್, ಅದರ ಮೇಲೆ ಕೂರುವ ಒಂದು ಚಿಕ್ಕ ಬೋರ್ಡ್. ಯಂತ್ರದ ಹಿಂಬದಿಯ ಆರು ಪಿನ್ನಿನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಕಿಂಡಿಯಿಂದ ಬರುವ ಡಿಜಿಟಲ್ ಸಂಕೇತವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಹಿಡಿದು ಎಚ್‌ಡಿಎಂಐಗೆ ಕೊಡುತ್ತದೆ. ಅದಕ್ಕೆ ಬೇಕಾದ 5 ವೋಲ್ಟ್ ಕೂಡ ಅದೇ ಕಿಂಡಿಯಿಂದಲೇ. ಟಿವಿಯ ಆಂಟೆನಾ ತಂತಿಯ ಮೂಲಕ ಬರುತ್ತಿದ್ದ ಮಸುಕು ಚಿತ್ರವನ್ನು ನೋಡಿ ರೂಢಿಯಾಗಿದ್ದ ಕಣ್ಣಿಗೆ ಇದು ದೊಡ್ಡ ಉಪಕಾರ. ಅತಿ ಕಷ್ಟದ್ದು ಟೆಲಿಟೆಕ್ಸ್ಟ್ (ಟಿವಿಯಲ್ಲಿ ಬರುತ್ತಿದ್ದ ಬರಹದ ಪುಟಗಳ) ಅಕ್ಷರಗಳ ಮೋಡ್ 7. ಅದರ ಪಿಕ್ಸೆಲ್ ಲಯ ಉಳಿದ ಮೋಡ್‌ಗಳಿಗಿಂತ ಬೇರೆ, ಮೇಲಾಗಿ ಅದು ಬೆಸ-ಸಮ ಗೆರೆಗಳನ್ನು ಸರದಿಯಲ್ಲಿ ಬಿಡಿಸುತ್ತದೆ. ಅಗ್ಗದ ಪರಿವರ್ತಕಗಳಲ್ಲಿ ಆ ಅಕ್ಷರಗಳು ನಡುಗುತ್ತವೆ. ಇದರಲ್ಲಿ ಅಲುಗದೆ ನಿಲ್ಲುತ್ತವೆ. ಶಬ್ದ ಎಚ್‌ಡಿಎಂಐನಲ್ಲಿ ಬರುವುದಿಲ್ಲ, ಯಂತ್ರದ ಸ್ವಂತ ಸ್ಪೀಕರ್ ಇದ್ದೇ ಇದೆ. ಮಾನಿಟರ್ 50 ಹರ್ಟ್ಸ್ ಒಪ್ಪುತ್ತದೆಯೇ ಎಂದು ಕೊಳ್ಳುವ ಮುನ್ನ ವಿಚಾರಿಸಿ. ಒಪ್ಪದಿದ್ದರೆ ಚಿತ್ರ ಚಲಿಸುವಾಗ ಹರಿದಂತೆ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ಇಂದಿನ ಕಂಪ್ಯೂಟರಿನಲ್ಲೇ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಆಟಕ್ಕೆ ಎಮ್ಯುಲೇಟರ್ ಸಾಕು. ಆದರೆ ಆ ಪೆಟ್ಟಿಗೆಯ ಫ್ಲಾಪಿಗಳಲ್ಲಿ ಇದ್ದದ್ದು ಬೇರೆಲ್ಲೂ ಇರಲಿಲ್ಲ. ಕೆಲವಕ್ಕೆ ಬೂಷ್ಟು ಹಿಡಿದಿತ್ತು; ಅವನ್ನು ಮೊದಲು ಶುಚಿಮಾಡಿ, ಗ್ರೀಸ್‌ವೀಸಲ್ ಎಂಬ ಯುಎಸ್‌ಬಿ ಸಾಧನದಿಂದ ಓದಿಸಿ, ಎಸ್‌ಡಿ ಕಾರ್ಡಿಗೆ ಹಾಕಿ, ಮೂಲ ಯಂತ್ರದಲ್ಲೇ ತೆರೆದೆ. ಒಂದರಲ್ಲಿ ಯಾರೋ ವಿದ್ಯಾರ್ಥಿ ಬರೆದ ಬೇಸಿಕ್ ಪ್ರೋಗ್ರಾಂ. ಹೊಸ ಅಕ್ಷರದ ಆಕಾರ ಬಿಡಿಸುವ ವಿಡಿಯು 23 ಎಂಬ ಆದೇಶದ ಸಾಲು ಸಾಲು: 224ನೇ ಅಕ್ಷರದಿಂದ ಶುರುವಾಗಿ, ಪ್ರತಿಯೊಂದಕ್ಕೂ ಎಂಟು ಸಂಖ್ಯೆ. ಒಂದೊಂದು ಸಂಖ್ಯೆಯೂ ಎಂಟು ಚುಕ್ಕೆಗಳ ಒಂದು ಗೆರೆ. ಓಡಿಸಿದೆ. ಮೋಡ್ 4ರಲ್ಲಿ ‘ಕನ್ನಡ’ ಎಂದು ಮೂಡಿತು. ಎಂಟಕ್ಕೆ ಎಂಟರ ಚೌಕದಲ್ಲಿ ‘ನ್ನ’ ಹಿಡಿಸುವುದಿಲ್ಲವೆಂದು ಆ ಹುಡುಗನೋ ಹುಡುಗಿಯೋ ಮೇಲೊಂದು ಕೆಳಗೊಂದು ಚೌಕ ಜೋಡಿಸಿ, ಕೆಳಗಿನದರಲ್ಲಿ ಒತ್ತಕ್ಷರ ಬರೆದಿದ್ದರು. ಈ ಯಂತ್ರ ಅಂಥ ಆಕಾರಗಳಿಗೆ ಮಾಮೂಲಾಗಿ ಕೊಡುವುದು 32 ಸ್ಥಾನ, ಒಟ್ಟು 256 ಬೈಟ್. ಅಷ್ಟರಲ್ಲೇ ನಮ್ಮ ಲಿಪಿಯನ್ನು ಕೂರಿಸಲು ಪಟ್ಟ ಆ ಶ್ರಮದ ಮುಂದೆ ನನಗೆ ಮಾತು ಬರಲಿಲ್ಲ. ಆ ಡಿಸ್ಕಿನ ನಕಲನ್ನು ಮೂರು ಕಡೆ ಇಟ್ಟಿದ್ದೇನೆ.

ಟ್ಯೂಬ್ ಕಿಂಡಿಗೆ ರಾಸ್ಪ್‌ಬೆರಿ ಪೈ ಜೋಡಿಸಿ ಎರಡನೇ ಪ್ರೊಸೆಸರ್‌ನಂತೆ ದುಡಿಸುವ ಪೈಟ್ಯೂಬ್‌ಡೈರೆಕ್ಟ್ ಕೂಡ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಏಕಾರ್ನ್ ಆ ಕಿಂಡಿ ಇಟ್ಟದ್ದೇ ಇಂಥ ಕೆಲಸಕ್ಕೆ. 1985ರಲ್ಲಿ ಬಂದ ಮೊದಲ ಆರ್ಮ್ ಚಿಪ್‌ನ ಪರೀಕ್ಷಾ ವ್ಯವಸ್ಥೆಯೂ ಅಲ್ಲಿಗೇ ಜೋಡಿಕೊಂಡಿತ್ತು. ಹಿಂಬದಿಗೆ ತೂತು ಕೊರೆದು ಹೊಸ ಕಿಂಡಿ ಕೂರಿಸುವ, ಬೋರ್ಡಿನ ಜಾಡುಗಳನ್ನು ಕತ್ತರಿಸುವ ಕಿಟ್‌ಗಳನ್ನು ಮಾತ್ರ ಯಾರಿಗೂ ಹೇಳಲಾರೆ. ಹಳದಿಯಾದ ಕವಚವನ್ನು ಪೆರಾಕ್ಸೈಡ್‌ನಿಂದ ಬೆಳ್ಳಗೆ ಮಾಡುವುದೂ ನನಗೆ ಬೇಡ.

ಬಿಡಿಭಾಗಗಳು ಹೆಚ್ಚಾಗಿ ಬ್ರಿಟನ್ನಿನಿಂದಲೇ ಬರಬೇಕು. ಅಂಚೆ ವೆಚ್ಚ, ಸುಂಕ ಸೇರಿದರೆ ಸಣ್ಣ ವಸ್ತುವಿನ ಬೆಲೆಯೂ ಏರುತ್ತದೆ, ಹಾಗಾಗಿ ಇಬ್ಬರು ಮೂವರು ಸೇರಿ ತರಿಸುವುದು ಮೇಲು. ಕೈಯಲ್ಲಿ ಹಣ ಕಡಿಮೆಯಿದ್ದರೆ ಕೆಪಾಸಿಟರ್‌ಗಳು ಮೊದಲು, ಎಸ್‌ಡಿ ಕಾರ್ಡ್ ನಂತರ. ಆರ್‌ಜಿಬಿ ಕಿಂಡಿಯಿರುವ ಹಳೆಯ ಮಾನಿಟರ್ ಇನ್ನೂ ಬೆಳಗುತ್ತಿದ್ದರೆ ಎಚ್‌ಡಿಎಂಐಗೆ ಆತುರವಿಲ್ಲ.